ಯುರೋಪಿನ ಊರು ಸುತ್ತೋಕೆ ಅಗ್ಗದ ವಿಮಾನ, ಬಾಡಿಗೆ ಕಾರು: ಬೇಕಾ, ಬೇಡ್ವಾ?

ಪರ: ಇದಿಲ್ಲದಿದ್ದರೆ ಅವ್ವ ಆ ಊರು ನೋಡ್ತಾನೇ ಇರಲಿಲ್ಲ

ಹೋದ ಮಾರ್ಚ್‌ನಲ್ಲಿ ಅಪ್ಪ, ಅವ್ವ ಧಾರವಾಡದಿಂದ ಬರ್ಲಿನ್‌ಗೆ ನಮ್ಮ ಮನೆಗೆ ಬಂದಿದ್ದರು. ಊರಿಂದ ಬಂದವರೆಲ್ಲ ಕೇಳೋದು ಪ್ಯಾರಿಸ್ಸು, ಇಲ್ಲಾ ಸ್ವಿಟ್ಜರ್ಲೆಂಡು. ನಾನು, ನನ್ನ ಹೆಂಡತಿ ಕೂತು ಲೆಕ್ಕ ಹಾಕಿದೆವು. ಸ್ವಿಟ್ಜರ್ಲೆಂಡ್‌ನಲ್ಲಿ ನಾಲ್ಕು ಜನ ಎರಡು ದಿನ ಇರೋ ದುಡ್ಡಲ್ಲಿ ದಕ್ಷಿಣ ಇಟಲಿಗೆ ಹೋಗಿ ಐದು ದಿನ ಆರಾಮಾಗಿ ಇದ್ದು ಬರಬಹುದಿತ್ತು. ಬಾರಿ ಅಂತ ಒಂದು ಊರು, ಸಮುದ್ರದ ದಡದಲ್ಲಿ. ಮಂಗಳವಾರ ಹೋಗಿ ಶನಿವಾರ ವಾಪಸ್. ಹೋಗಿಬರೋಕೆ ತಲೆಗೆ 60 ಯೂರೋ ಕೂಡ ಆಗಲಿಲ್ಲ.

ಇಷ್ಟು ಕಡಿಮೆ ಹೇಗೆ ಅಂತ ಅಪ್ಪ ಮೂರು ಸಲ ಕೇಳಿದರು. ಹಿಂದೆ ಯುರೋಪಲ್ಲೂ ಒಂದೊಂದು ದೇಶಕ್ಕೆ ಒಂದೊಂದು ಸರ್ಕಾರಿ ವಿಮಾನ ಕಂಪನಿ ಇತ್ತು. ಯಾರು ಎಲ್ಲಿಗೆ ಹಾರಬೇಕು, ಎಷ್ಟು ದರ ಅನ್ನೋದನ್ನ ಸರ್ಕಾರಗಳೇ ಕೂತು ತೀರ್ಮಾನ ಮಾಡುತ್ತಿದ್ದವು. ಐರೋಪ್ಯ ಒಕ್ಕೂಟ ಅದನ್ನ ಹಂತಹಂತವಾಗಿ ಬಿಡಿಸಿತು. 1997ರ ಏಪ್ರಿಲ್ ಹೊತ್ತಿಗೆ ಒಕ್ಕೂಟದ ಯಾವ ಕಂಪನಿ ಬೇಕಾದರೂ ಒಕ್ಕೂಟದ ಒಳಗೆ ಯಾವ ದಾರಿಯಲ್ಲಾದರೂ ಹಾರಬಹುದು ಅಂತಾಯಿತು. ಈ ನಡುವೆ ಈಸಿಜೆಟ್ ಅನ್ನೋ ಅಗ್ಗದ ವಿಮಾನ ಕಂಪನಿ 1995ರಲ್ಲಿ ಲಂಡನ್ ಹತ್ತಿರದ ಲ್ಯೂಟನ್‌ನಿಂದ ಗ್ಲಾಸ್ಗೋಗೆ 29 ಪೌಂಡ್‌ಗೆ ಶುರು ಮಾಡಿತು, 2004ರಲ್ಲಿ ಹಂಗೇರಿಯ ವಿಝ್ ಏರ್ ಬಂತು. ಇದರಿಂದ ಸುಖಪಟ್ಟವರು ಬರೀ ಟೂರಿಸ್ಟ್‌ಗಳಲ್ಲ. ಲಂಡನ್ನಲ್ಲಿ ಗಾರೆ ಕೆಲಸ ಮಾಡೋ ಪೋಲೆಂಡಿನವನು ಹಬ್ಬಕ್ಕೆ ಮನೆಗೆ ಹೋಗಿಬರೋಕೆ ಆಗಿದ್ದು ಇದರಿಂದ. ದೀಪಾವಳಿಗೆ ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗುವವರಿಗೆ ಇದರ ಬೆಲೆ ಗೊತ್ತಿರುತ್ತೆ.

ಅಗ್ಗ ಅಂದರೆ ಡಬ್ಬಾ ವಿಮಾನ ಅಂತ ಹೆದರಬೇಕಿಲ್ಲ. ಹಾರೋದು ಅದೇ ಏರ್‌ಬಸ್ 320, ಅದೇ ಬೋಯಿಂಗ್ 737. ಸುರಕ್ಷತೆಯ ನಿಯಮ ಎಲ್ಲರಿಗೂ ಒಂದೇ. 1500 ಕಿಲೋಮೀಟರ್ ಒಳಗಿನ ಪ್ರಯಾಣದಲ್ಲಿ ಕಂಪನಿಯ ತಪ್ಪಿನಿಂದ 3 ಗಂಟೆ ತಡವಾಗಿ ಮುಟ್ಟಿದರೆ 250 ಯೂರೋ ಪರಿಹಾರ ಕೊಡಬೇಕು, 20 ಯೂರೋ ಟಿಕೆಟ್ ಆಗಿದ್ದರೂ ಕೊಡಬೇಕು. ನೀವು ಮಾಡಬೇಕಾದ್ದು ಇಷ್ಟೇ: ಸೀಟಿನ ಕೆಳಗೆ ಹಿಡಿಸೋ ಬ್ಯಾಗ್ ಒಂದೇ ಒಯ್ಯಿ, ಚೆಕ್-ಇನ್ ಮನೆಯಲ್ಲೇ ಮುಗಿಸಿ.

ಬಾರಿಯ ಹಳೇ ಊರಲ್ಲಿ ಒಂದು ಓಣಿ ಇದೆ. ಹೆಂಗಸರು ಮನೆ ಬಾಗಿಲ ಮುಂದೆ ಮೇಜು ಹಾಕಿಕೊಂಡು ಪಾಸ್ತಾ ಮಾಡುತ್ತಿರುತ್ತಾರೆ. ಹಿಟ್ಟನ್ನ ಬೆರಳುದಪ್ಪ ಹೊಸೆಯೋದು, ಚಾಕುವಿನಿಂದ ಚೂರು ಮಾಡೋದು, ಚೂರನ್ನ ಹಲಗೆ ಮೇಲೆ ಎಳೆದು ಹೆಬ್ಬೆರಳಿಗೆ ಮಗುಚಿದರೆ ಪುಟ್ಟ ಕಿವಿ ಥರ ಆಗುತ್ತೆ. ಒರೆಕ್ಕಿಯೆತ್ತೆ ಅಂತಾರೆ. ಅವ್ವ ನಿಂತು ನೋಡಿದಳು, ನೋಡಿದಳು, ಆಮೇಲೆ "ನಮ್ಮ ಗೌಲಿ ಮಾಡಿದಂಗ ಐತಲ್ಲೋ" ಅಂದಳು. ಗೌಲಿ ಅಂದರೆ ನಮ್ಮ ಕಡೆ ಪಾಯಸಕ್ಕೆ ಕೈಯಲ್ಲೇ ಮಾಡೋ ಹಿಟ್ಟಿನ ಚೂರು. ಪಾಸ್ತಾ ಮಾಡುತ್ತಿದ್ದ ಅಜ್ಜಿ ಪಕ್ಕದ ಕುರ್ಚಿ ಎಳೆದು ಕೂರಿಸಿ, ಒಂದು ಉಂಡೆ ಹಿಟ್ಟು ಕೈಗೆ ಕೊಟ್ಟರು. ಅವ್ವನಿಗೆ ಇಟಾಲಿಯನ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಅರ್ಧ ಗಂಟೆ ಇಬ್ಬರೂ ಮಾತಾಡಿಕೊಂಡೇ ಇದ್ದರು.

ಮೂರನೇ ದಿನ ಕಾರು ತಗೊಂಡೆವು. ಮಟೇರಾ ಅನ್ನೋ ಊರು ಅಲ್ಲಿಂದ ಸುಮಾರು 65 ಕಿಲೋಮೀಟರ್. ಬಂಡೆ ಕೊರೆದು ಮಾಡಿದ ಮನೆಗಳು, 1950ರ ದಶಕದವರೆಗೂ ಜನ ಕತ್ತೆ, ಕೋಳಿ ಜೊತೆಗೇ ಅದರೊಳಗೆ ಇದ್ದರು, ಆಮೇಲೆ ಸರ್ಕಾರ ಹೊರಗೆ ತಂದು ಬೇರೆ ಮನೆ ಕೊಟ್ಟಿತು. 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನಾವು ಹೋದಾಗ ಇಟಲಿಯ ಸರ್ಕಾರಿ ರೈಲು ಅಲ್ಲಿಗೆ ಹೋಗುತ್ತಿರಲಿಲ್ಲ. ಬಾರಿಯಿಂದ ಇದ್ದದ್ದು ಬೇರೆ ಕಂಪನಿಯ ಚಿಕ್ಕ ಗೇಜಿನ ರೈಲು, ನಿಧಾನ. ಅಪ್ಪನ ಮೊಣಕಾಲು ನೋವಿಗೆ ಕಾರೇ ಸರಿ. ದಾರಿಯಲ್ಲಿ ಬೇಕಾದ ಕಡೆ ನಿಲ್ಲಿಸಿದೆವು, ಆಲಿವ್ ತೋಟದ ಪಕ್ಕ ಚಪಾತಿ ಬಿಚ್ಚಿ ತಿಂದೆವು. ಮಟೇರಾದ ಕಣಿವೆ ಅಂಚಲ್ಲಿ ನಿಂತು ಅಪ್ಪ ಹೇಳಿದ್ದು: "ಬಾದಾಮಿ ಗುಡ್ಡದಾಗ ಜನ ಮನಿ ಮಾಡ್ಕೊಂಡಿದ್ರ ಹಿಂಗ ಇರ್ತಿತ್ತು."

ಭಾರತದಿಂದ ಬರುವವರು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡರೆ ಆಯಿತು, ಒಂದು ವರ್ಷ ನಡೆಯುತ್ತೆ. ಇಲ್ಲಿ ಆಟೋಮ್ಯಾಟಿಕ್ ಕಾರಿಗೆ ಬಾಡಿಗೆ ಜಾಸ್ತಿ, ಗೇರ್ ಕಾರಿಗೆ ಕಡಿಮೆ. ಗೇರ್ ಹಾಕೋದು ನಮಗೆ ಹೊಸದೇನಲ್ಲ, ಅಲ್ವಾ? ನಾಲ್ಕು ಜನ ಹಂಚಿಕೊಂಡರೆ ಕಾರಿನ ಖರ್ಚು ಬಸ್ಸಿನ ಹತ್ತಿರ ಬಂದುಬಿಡುತ್ತೆ. ಮಧ್ಯಮ ವರ್ಗದ ಅಪ್ಪ-ಅವ್ವನಿಗೆ ಇಂಥದ್ದೊಂದು ತೋರಿಸೋಕೆ ನನಗೆ ಬೇರೆ ದಾರಿ ಇರಲಿಲ್ಲ.

ವಿರೋಧ: ಟಿಕೆಟ್ ದರ ಒಂದು, ಕೊನೆಗೆ ಕೈಬಿಟ್ಟ ದುಡ್ಡು ಇನ್ನೊಂದು

ಮೇಲಿನದನ್ನ ಓದಿ ಖುಷಿಯಾಯಿತು, ನಿಜ. ಹಳ್ಳಿಗಾಡಿಗೆ, ರೈಲಿಲ್ಲದ ಕಡೆಗೆ ಕಾರು ಬೇಕು, ಒಪ್ಪುತ್ತೇನೆ. ಆದರೆ ಬೆಂಗಳೂರಿಂದ ಹತ್ತು ಹನ್ನೆರಡು ದಿನಕ್ಕೆ ಬರುವ ಹೆಚ್ಚಿನವರು ನೋಡೋದು ರೋಮ್, ಫ್ಲಾರೆನ್ಸ್, ವೆನಿಸ್, ಪ್ಯಾರಿಸ್. ಅವರಿಗೆ ಈ ಸಲಹೆ ಕೊಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನಾವು ಬೆಂಗಳೂರಿಂದ ಹೋಗಿ ಅನುಭವಿಸಿದ್ದೇವೆ.

ಮೊದಲು ವಿಮಾನ. ಟಿಕೆಟ್ ಮೇಲೆ ಪ್ಯಾರಿಸ್ ಅಂತ ಇರುತ್ತೆ, ಇಳಿಯೋದು ಬೋವೆಯಲ್ಲಿ, ಪ್ಯಾರಿಸ್‌ನಿಂದ ಸುಮಾರು 85 ಕಿಲೋಮೀಟರ್ ದೂರ. ಫ್ರಾಂಕ್‌ಫರ್ಟ್ ಹಾನ್ ಅನ್ನೋದು ಫ್ರಾಂಕ್‌ಫರ್ಟ್‌ನಿಂದ 120 ಕಿಲೋಮೀಟರ್. ಮೈಸೂರಲ್ಲಿ ಇಳಿಸಿ ಬೆಂಗಳೂರು ಅಂದ ಹಾಗೆ. ಬೆಳಿಗ್ಗೆ 6 ಗಂಟೆ ವಿಮಾನಕ್ಕೆ ರಾತ್ರಿ ಮೂರಕ್ಕೆ ಟ್ಯಾಕ್ಸಿ ಬೇಕು, ಅದು ಟಿಕೆಟ್‌ಗಿಂತ ಜಾಸ್ತಿ ಆಗುತ್ತೆ. ಒಂದೇ ಚಿಕ್ಕ ಬ್ಯಾಗ್ ಒಯ್ಯಿ ಅನ್ನೋದು ಬರ್ಲಿನ್‌ನಲ್ಲಿ ಮನೆ ಇರುವವರಿಗೆ ಸುಲಭ. ಬೆಂಗಳೂರಿಂದ 23 ಕೆಜಿ ಸೂಟ್‌ಕೇಸ್ ಎಳೆದುಕೊಂಡು ಬಂದವರು ಅದನ್ನ ಎಲ್ಲಿಡಬೇಕು? ಪ್ರತಿ ಹಾರಾಟಕ್ಕೂ ಅದಕ್ಕೆ ಬೇರೆ ದುಡ್ಡು.

ನಮ್ಮ ಪಾಸ್‌ಪೋರ್ಟಿನದ್ದು ಇನ್ನೊಂದು ಕಥೆ. ಇಂಗ್ಲೆಂಡ್, ಐರ್ಲೆಂಡ್ ಷೆಂಗೆನ್‌ಗೆ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಿಗೆ, ಸೇರಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ರೋಮಿನಿಂದ ಡಬ್ಲಿನ್‌ಗೆ ಹೋಗಿ ಪ್ಯಾರಿಸ್‌ಗೆ ವಾಪಸ್ ಬರೋ ಪ್ಲಾನ್ ಮಾಡಿದರೆ, ಐರ್ಲೆಂಡ್ ವೀಸಾ ಬೇರೆ ಬೇಕು, ಮೇಲಾಗಿ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಅದು ರೋಮ್ ಬಿಟ್ಟಾಗಲೇ ಮುಗಿದಿರುತ್ತೆ. ಎರಡು ಬೇರೆ ಟಿಕೆಟ್ ಜೋಡಿಸಿಕೊಂಡು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಗೆ ಅದರ ಹೊಣೆ ಇಲ್ಲ. ಪರಿಹಾರದ 250 ಯೂರೋ ಬರೋದು ಯಾವಾಗಲೋ, ಹೊಸ ಟಿಕೆಟ್ ದುಡ್ಡು ಅವತ್ತೇ ಕಟ್ಟಬೇಕು.

ಈಗ ಕಾರು. ಇಟಲಿಯ ಹಳೇ ಊರುಗಳಲ್ಲಿ ಜೆಡ್‌ಟಿಎಲ್ ಅಂತ ಗಾಡಿಗೆ ನಿರ್ಬಂಧ ಇರೋ ಜಾಗ ಇದೆ. ಪರ್ಮಿಟ್ ಇಲ್ಲದ ಗಾಡಿ ಒಳಗೆ ಹೋಗುವ ಹಾಗಿಲ್ಲ. ತಡೆಯೋಕೆ ಗೇಟಿಲ್ಲ, ಪೊಲೀಸಿಲ್ಲ, ಕಂಬದ ಮೇಲೊಂದು ಕ್ಯಾಮೆರಾ, ಪಕ್ಕದಲ್ಲಿ "ವಾರ್ಕೋ ಅತ್ತೀವೋ" ಅಂತ ಬರೆದ ಫಲಕ. ಅತ್ತೀವೋ ಅಂದರೆ ಆಕ್ಟಿವ್, ದಾರಿ ತೆರೆದಿದೆ ಅಂತ ನನ್ನ ಗಂಡ ಅಂದುಕೊಂಡರು. ಕ್ಯಾಮೆರಾ ಚಾಲೂ ಇದೆ, ಒಳಗೆ ಬರಬೇಡಿ ಅನ್ನೋದು ಅದರ ಅರ್ಥ. ಟಸ್ಕನಿಯ ಒಂದು ಊರಲ್ಲಿ ಹೋಟೆಲ್ ಹುಡುಕುತ್ತಾ ಸಂಜೆ ಎರಡು ಸಲ ಒಳಗೆ ಹೋಗಿ ಬಂದೆವು. ಬೆಂಗಳೂರಿಗೆ ವಾಪಸ್ ಬಂದು ಎರಡು ತಿಂಗಳಿಗೆ ಕಾರ್ಡಿನಿಂದ ದುಡ್ಡು ಹೋಯಿತು. ಅದು ದಂಡವಲ್ಲ, ನಮ್ಮ ವಿಳಾಸವನ್ನ ಪೊಲೀಸರಿಗೆ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿ ಹಾಕಿದ ಚಾರ್ಜು, ಎರಡು ಸಲಕ್ಕೂ ಬೇರೆ ಬೇರೆ. ದಂಡದ ಪತ್ರಗಳು ರಿಜಿಸ್ಟರ್ಡ್ ಪೋಸ್ಟಲ್ಲಿ ಆಮೇಲೆ ಬಂದವು. ಅಮ್ಮ ಸಹಿ ಹಾಕಿ ತಗೊಂಡು, ಏನೋ ಕೋರ್ಟಿನದ್ದು ಅಂತ ಗಾಬರಿಯಾಗಿ ಫೋನ್ ಮಾಡಿದ್ದರು. ಕಾರಿನ ಬಾಡಿಗೆಗಿಂತ ಇದೇ ಜಾಸ್ತಿ ಆಯಿತು.

ಇಷ್ಟೇ ಅಲ್ಲ. ಹೆಚ್ಚಿನ ಕಡೆ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು, ಡೆಪಾಸಿಟ್ ಅಂತ ದೊಡ್ಡ ಮೊತ್ತ ಬ್ಲಾಕ್ ಆಗುತ್ತೆ. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್, ಅಂದರೆ ಮುಂಚೆಯೇ ದುಡ್ಡು ಕಟ್ಟಿದ ಹೆದ್ದಾರಿ ಪಾಸು, ತಗೋಬೇಕು. ಸ್ವಿಟ್ಜರ್ಲೆಂಡಿನಲ್ಲಿ ಒಂದು ದಿನ ಓಡಿಸಿದರೂ ಇಡೀ ವರ್ಷದ್ದೇ ತಗೋಬೇಕು, 40 ಫ್ರಾಂಕ್. ಪೆಟ್ರೋಲ್ ಬಂಕಲ್ಲೂ ಹುಷಾರಾಗಿರಬೇಕು: ಸ್ಪೇನಲ್ಲಿ ಗಸೋಲಿನಾ ಅಂದರೆ ಪೆಟ್ರೋಲ್, ಇಟಲಿಯಲ್ಲಿ ಗಸೋಲಿಯೋ ಅಂದರೆ ಡೀಸೆಲ್. ಹೆಚ್ಚಿನ ಕಡೆ ತುಂಬಿಸಿಕೊಳ್ಳೋರು ನೀವೇ. ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಬಲಗಡೆ ಓಡಿಸೋ ಮನುಷ್ಯ ಊರು ನೋಡೋದು ಯಾವಾಗ? ನನ್ನ ಗಂಡ ಮೂರು ದಿನ ಟಸ್ಕನಿಯಲ್ಲಿ ಕಂಡಿದ್ದು ಮುಂದಿನ ಗಾಡಿಯ ನಂಬರ್ ಪ್ಲೇಟು ಮಾತ್ರ.

ಅಗ್ಗ ಬೇಕು ಅಂದರೆ ರೈಲಲ್ಲೂ ಇದೆ. ಇಟಲಿಯಲ್ಲಿ 2012ರಿಂದ ಸರ್ಕಾರಿ ರೈಲಿಗೆ ಇಟಾಲೋ ಅನ್ನೋ ಖಾಸಗಿ ಕಂಪನಿ ಪೈಪೋಟಿ ಕೊಡುತ್ತಿದೆ, ಮುಂಚೆ ಬುಕ್ ಮಾಡಿದರೆ ದರ ಚೆನ್ನಾಗಿ ಇಳಿಯುತ್ತೆ. ರೋಮಿನಿಂದ ಫ್ಲಾರೆನ್ಸ್‌ಗೆ ಒಂದೂವರೆ ಗಂಟೆ. ಇಳಿಯೋದು ಊರ ನಡುವೆ, ಸೂಟ್‌ಕೇಸ್ ತೂಗೋರಿಲ್ಲ. ಲಕ್ಸೆಂಬರ್ಗ್‌ನಲ್ಲಿ 2020ರಿಂದ ಬಸ್ಸು, ಟ್ರಾಮು, ಎರಡನೇ ದರ್ಜೆ ರೈಲು ಎಲ್ಲ ಫ್ರೀ. ವಿಮಾನ ಅಷ್ಟು ಅಗ್ಗ ಇರೋಕೆ ಇನ್ನೊಂದು ಕಾರಣವೂ ಇದೆ. ಒಕ್ಕೂಟದ ದೇಶದಿಂದ ದೇಶಕ್ಕೆ ಹಾರುವ ವಿಮಾನದ ಇಂಧನಕ್ಕೆ ತೆರಿಗೆ ಇಲ್ಲ, ಎಷ್ಟೋ ಕಡೆ ರೈಲಿನ ಕರೆಂಟಿಗೆ ಇದೆ. ಆ ಹೊಗೆಯ ಖರ್ಚು ನಮ್ಮ ಟಿಕೆಟಲ್ಲಿ ಪೂರ್ತಿ ಕಾಣಿಸಲ್ಲ ಅಷ್ಟೇ, ನನಗಂತೂ ಅದು ಚುಚ್ಚುತ್ತೆ.

ವೆನಿಸ್‌ಗೆ ಅಗ್ಗದ ವಿಮಾನದಲ್ಲಿ ಬಂದರೆ ಎಷ್ಟೋ ಸಲ ಇಳಿಯೋದು ತ್ರೆವೀಸೊದಲ್ಲಿ, ಅಲ್ಲಿಂದ ಬಸ್ಸು. ಕಾರಲ್ಲಿ ಬಂದರೆ ಊರ ಅಂಚಿನ ಪಿಯಾತ್ಸಾಲೆ ರೋಮಾ ಚೌಕದ ಆಸುಪಾಸಲ್ಲೇ ನಿಲ್ಲಿಸಬೇಕು, ಮುಂದೆ ರಸ್ತೆಯೇ ಇಲ್ಲ, ನಿಂತ ಕಾರಿಗೆ ದಿನದ ಪಾರ್ಕಿಂಗ್ ಕಟ್ಟುತ್ತಾ ಇರಬೇಕು. ಎರಡನೇ ಸಲ ಹೋದಾಗ ನಾವು ಫ್ಲಾರೆನ್ಸ್‌ನಿಂದ ರೈಲಲ್ಲಿ ಹೋದೆವು. ಕೊನೆಗೆ ರೈಲು ನೀರಿನ ಮೇಲಿನ ಉದ್ದ ಸೇತುವೆ ದಾಟುವಾಗ ಗಂಡ, ಮಗಳು ಒಂದೇ ಕಿಟಕಿಗೆ ಮುಖ ಹಚ್ಚಿ ಕೂತಿದ್ದರು. ಸಾಂತಾ ಲುಚೀಯಾ ಸ್ಟೇಷನ್ನಿನ ಬಾಗಿಲು ದಾಟಿ ಮೆಟ್ಟಿಲ ಮೇಲೆ ಬಂದರೆ ಎದುರಿಗೇ ದೊಡ್ಡ ಕಾಲುವೆ, ಆಚೆ ದಡದಲ್ಲಿ ಹಸಿರು ಗುಮ್ಮಟದ ಚರ್ಚು, ಬಸ್ಸಿನ ಹಾಗೆ ಬಂದು ನಿಲ್ಲುವ ದೋಣಿ. ಮಗಳು ಬ್ಯಾಗ್ ಕೆಳಗಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವತ್ತು ನನ್ನ ಗಂಡನೂ ಅವಳ ಪಕ್ಕದಲ್ಲಿ ಕೂತಿದ್ದರು, ಕೈಯಲ್ಲಿ ಕಾರಿನ ಕೀ ಇರಲಿಲ್ಲ.