ಸತ್ಯಾಂಶ: ಹೆಡರ್ ಕೆಂಪಾದರೆ ಪೆಟ್ರೋಲ್ ಕಮ್ಮಿ ಅಂತಲೇ ಅಲ್ಲ

ವಾಟ್ಸಾಪ್‌ನಲ್ಲಿ ಒಂದು ಮೆಸೇಜು ಓಡಾಡುತ್ತಿದೆ: "ಎಂಜಿನ್ ಮಾಡಿಫೈ ಮಾಡಿಸಿದ ಮೇಲೆ ಎಕ್ಸಾಸ್ಟ್ ಹೆಡರ್ ಕೆಂಪಗೆ ಕಾದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ದೊಡ್ಡ ಜೆಟ್ ಹಾಕಿಸಿ." ಹೆಡರ್ ಅಂದರೆ ಎಂಜಿನ್ನಿನಿಂದ ಉರಿದ ಗ್ಯಾಸನ್ನು ಹೊರಗೊಯ್ಯುವ ಪೈಪುಗಳ ಜೋಡಣೆ; ಜೆಟ್ ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಅಳತೆಯ ಸಣ್ಣ ತೂತು. ಮೆಸೇಜಿನ ಮಾತು ಅರ್ಧ ನಿಜ.

ಗಾಳಿಯ ಜೊತೆ ಬೆರೆಯುವ ಪೆಟ್ರೋಲ್ ಕಮ್ಮಿಯಾದರೂ ಹೆಡರ್ ಕಾಯುತ್ತದೆ, ನಿಜ. ಆದರೆ ಹಳೇ ಕಾರ್ಬ್ಯುರೇಟರ್ ಗಾಡಿಗಳಲ್ಲಿ, ಅದರಲ್ಲೂ ಡಿಸ್ಟ್ರಿಬ್ಯೂಟರ್ (ಪ್ರತಿ ಸಿಲಿಂಡರಿಗೂ ಸ್ಪಾರ್ಕ್ ಹಂಚುವ ಭಾಗ) ಬಿಚ್ಚಿ ಕೂರಿಸಿದ್ದರೆ, ಮೊದಲು ಅನುಮಾನಿಸಬೇಕಾದ್ದು ಇಗ್ನಿಷನ್ ಟೈಮಿಂಗನ್ನು, ಅಂದರೆ ಸ್ಪಾರ್ಕ್ ಹೊಡೆಯುವ ಸಮಯವನ್ನು. ಸ್ಪಾರ್ಕ್ ತಡವಾದರೆ ಉರಿಯೂ ತಡವಾಗಿ ಮುಗಿಯುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಗ್ಯಾಸ್ ಇನ್ನೂ ವಿಪರೀತ ಬಿಸಿ ಇರುತ್ತದೆ. ಪಿಸ್ಟನ್ ತಳ್ಳಬೇಕಾದ ಶಾಖ ಪೈಪಿನ ಪಾಲಾಗುತ್ತದೆ. ಆಗ ಜೆಟ್ ಬದಲಿಸಿದರೆ ದುಡ್ಡು ದಂಡ, ಅಷ್ಟೇ.

ಹಾಗಾಗಿ ಮೊದಲು ಟೈಮಿಂಗ್ ಲೈಟ್ (ಸ್ಪಾರ್ಕಿನ ಸಮಯ ತೋರಿಸುವ ಮಿನುಗು ದೀಪ) ಹಿಡಿದು ನೋಡಿ. ಎಂಜಿನ್ನಿನ ಗಾಳಿಯೆಳೆತ ಬಳಸಿ ಸ್ಪಾರ್ಕನ್ನು ಬೇಗ ಹೊಡೆಸುವ ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ಕಳಚಿಕೊಂಡಿದೆಯಾ ಅಂತಲೂ ನೋಡಿ. ಈ ಚಿಕ್ಕ ಪೈಪನ್ನು ಮರೆಯುವವರೇ ಜಾಸ್ತಿ. ಹೆಡರಿನ ಎಲ್ಲ ಪೈಪುಗಳೂ ಒಂದೇ ಥರ ಕಾದರೆ ಟೈಮಿಂಗ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಒಂದೇ ಪೈಪ್ ಕಾದರೆ ಆ ಸಿಲಿಂಡರಿನ ಇನ್‌ಟೇಕ್ ಗ್ಯಾಸ್ಕೆಟ್ (ಗಾಳಿ-ಪೆಟ್ರೋಲ್ ಒಳಹೋಗುವ ಕಡೆಯ ಸೀಲು) ಸೋರಿ ಹೊರಗಿನ ಗಾಳಿ ಎಳೆಯುತ್ತಿರಬಹುದು, ಇಲ್ಲವೇ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲದಿರಬಹುದು.

ಅಂದಹಾಗೆ, ಕೆಂಪು ಕಂಡ ಕೂಡಲೇ ಗಾಬರಿ ಬೇಡ. ಉಕ್ಕು ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕತ್ತಲಲ್ಲಿ ಮಂದವಾಗಿ ಕೆಂಪಗೆ ಕಾಣುತ್ತದೆ. ತೆಳು ಪೈಪಿನ ಹೆಡರ್ ಪೂರ್ತಿ ಲೋಡಿನಲ್ಲಿ ಹಾಗಾಗುವುದುಂಟು. ಗಾಡಿ ಸುಮ್ನೆ ಐಡ್ಲಿಂಗ್‌ನಲ್ಲಿ ನಿಂತಿದ್ದಾಗಲೇ ಕೆಂಪಾದರೆ ಮಾತ್ರ ತಕ್ಷಣ ಎಂಜಿನ್ ಆಫ್ ಮಾಡಿ.