‘ಮರ್ತುಬಿಡು’ ಅನ್ನಬೇಡಿ

ನಮ್ಮಣ್ಣ ಹದಿನಾರು ವರ್ಷ ಸಂಡೂರು ಕಡೆಯಿಂದ ಅದಿರು ಲಾರಿ ಓಡಿಸಿದವನು. ಹೋದ ವರ್ಷ ಮಳೆಗಾಲದಲ್ಲಿ ಲಾರಿ ಪಲ್ಟಿ ಆಯ್ತು. ಅವನ ಕೈ ಮುರಿಯಿತು. ಪಕ್ಕದಲ್ಲಿದ್ದ ಕ್ಲೀನರ್ ಹುಡುಗ ಉಳಿಯಲಿಲ್ಲ. ಮೂರು ತಿಂಗಳಿಗೆ ಕೈ ಕೂಡಿತು. ಗಂಡಾಂತರ ಕಳೀತು ಅಂದುಕೊಂಡೆವು.

ಆದರೆ ಆಟೋದಲ್ಲಿ ಕೂತರೆ ಅವನ ಬಲಗಾಲು ತಾನಾಗಿಯೇ ಕೆಳಗೆ ಒತ್ತುತ್ತಿತ್ತು. ಅಲ್ಲಿ ಬ್ರೇಕೇ ಇಲ್ಲ, ಆದರೂ ಒತ್ತುತ್ತಿದ್ದ. ಹೊಸಪೇಟೆ ರಸ್ತೆಯಲ್ಲಿ ಲಾರಿಯ ಏರ್ ಬ್ರೇಕ್ ಫುಸ್ ಅಂದರೆ ಸಾಕು, ಮೈಯೆಲ್ಲ ಬೆವರು. ರಾತ್ರಿ ಚೀರಿ ಏಳುತ್ತಿದ್ದ. ಮಕ್ಕಳ ಮೇಲೆ ಸುಮ್ನೆ ರೇಗುತ್ತಿದ್ದ. ಆಮೇಲೆ ಕುಡಿಯೋದು ಜಾಸ್ತಿ ಆಯ್ತು. ಕುಡಿದರೆ ಕಣ್ಣು ಮುಚ್ಚುತ್ತಿತ್ತು, ಸರಿಯಾದ ನಿದ್ದೆ ಬರುತ್ತಿರಲಿಲ್ಲ.

ಅವ್ವ ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಿದಳು. ಅವಳನ್ನು ನಾನು ದೂರುವುದಿಲ್ಲ, ಮಗ ಉಳಿಯಲಿ ಅಂತ ಮಾಡಿದ್ದು. ನನಗೆ ಸಂಕಟ ಆಗಿದ್ದು ಬಂದವರೆಲ್ಲ ಹೇಳುತ್ತಿದ್ದ ಮಾತಿಗೆ. ‘ಆಗಿದ್ದು ಆತು, ಮರ್ತುಬಿಡಪ್ಪ.’ ‘ಗಂಡಸಾಗಿ ಹಿಂಗ ಹೆದರ್ತಾರೇನು?’ ಅವನು ಬೇಕಂತಲೇ ನೆನೆಸಿಕೊಳ್ಳುತ್ತಿದ್ದನಾ? ಆ ಗಳಿಗೆ ಅವನಿಗೆ ಹಳೇ ನೆನಪಾಗಿ ಬರುತ್ತಿರಲಿಲ್ಲ, ಈಗಲೇ ನಡೀತಿದೆ ಅನ್ನೋ ಹಾಗೆ ಬರುತ್ತಿತ್ತು. ಹೇಳೋಕೆ ನಾಚಿಕೆ ಪಟ್ಟು ಅವನು ಇನ್ನೂ ಒಳಗೆ ಸೇರಿಕೊಂಡ.

ಕೊನೆಗೆ ಅತ್ತಿಗೆ ಹಟ ಹಿಡಿದು ಮಾನಸಿಕ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಇದು ಪಿಟಿಎಸ್‌ಡಿ, ಆಘಾತದಿಂದ ಬರುವ ಕಾಯಿಲೆ ಅಂತ ಗೊತ್ತಾಯಿತು. ದೊಡ್ಡ ಅನಾಹುತ ಆದಮೇಲೆ ಕೆಲವು ವಾರ ನಿದ್ದೆಗೆಡುವುದು ತುಂಬಾ ಜನರಿಗೆ ಇರುತ್ತದಂತೆ. ತಿಂಗಳು ದಾಟಿದರೂ ಹೋಗದೆ, ಕೆಲಸ ಸಂಸಾರ ಎರಡಕ್ಕೂ ತೊಂದರೆ ಆಗ್ತಿದ್ದರೆ ಸುಮ್ಮನಿರಬಾರದು. ನಾವು ಆರು ತಿಂಗಳು ಸುಮ್ಮನಿದ್ದೆವು. ಆ ನೋವು ನನಗೆ ಈಗಲೂ ಇದೆ.

ಮನೆಯಲ್ಲಿ ನಾವು ಕಲಿತದ್ದು ಸಣ್ಣ ಸಣ್ಣವೇ. ಮಲಗಿದ್ದಾಗ ಅವನನ್ನು ಮುಟ್ಟಿ ಎಬ್ಬಿಸುವುದಿಲ್ಲ. ಬಾಗಿಲಲ್ಲೇ ನಿಂತು ಮೆಲ್ಲಗೆ ಕರೆಯುತ್ತೇವೆ. ಬೆಚ್ಚಿ ಎದ್ದರೆ ಅತ್ತಿಗೆ ಲೈಟು ಹಾಕಿ, ‘ಮನ್ಯಾಗ ಅದೀರಿ, ನಾನು ಇಲ್ಲೇ ಅದೀನಿ’ ಅಂತಾರೆ. ಏನಾಯ್ತು ಹೇಳು ಅಂತ ಯಾರೂ ಕೆದಕುವುದಿಲ್ಲ. ಅವನಾಗಿ ಹೇಳಿದರೆ ಟಿವಿ ಬಂದ್ ಮಾಡಿ ಕೇಳುತ್ತೇವೆ, ನಡುವೆ ಬುದ್ಧಿ ಹೇಳುವುದಿಲ್ಲ. ಅತ್ತಿಗೆಗೂ ಸುಸ್ತಾಗುತ್ತದೆ, ಅಲ್ವಾ? ಅದಕ್ಕೇ ವಾರಕ್ಕೆರಡು ರಾತ್ರಿ ನಾನು ಆ ಮನೆಯಲ್ಲಿ ಮಲಗುತ್ತೇನೆ.

ಇನ್ನೊಂದು ವಿಷಯ ನಮ್ಮೂರವರಿಗೇ ಜಾಸ್ತಿ ಗೊತ್ತಿಲ್ಲ. ಮನಸ್ಸಿನ ಕಾಯಿಲೆಗೆ ಊರ ಹತ್ತಿರದ ಸರ್ಕಾರಿ ಆಸ್ಪತ್ರೆಗಳಲ್ಲೇ ಔಷಧಿ ಸಿಗಬೇಕು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ಬೇರೆ ಜಿಲ್ಲೆಗಳಲ್ಲೂ ಶುರು ಮಾಡಿದರು. ಅಂಥ ಜಿಲ್ಲೆಯವರು ನಾವು, ಇವತ್ತಿಗೂ ಆ ಡಾಕ್ಟರ ಬಾಗಿಲಿಗೆ ಹೋಗೋಕೆ ಮುಖ ಮುಚ್ಚಿಕೊಳ್ಳುತ್ತೇವೆ. ಹೋಗೋಕೆ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಅಂತಲೇ ಇರುವ ಸರ್ಕಾರದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರೂ ಕೇಳಬಹುದು.

ಅಣ್ಣ ಈಗ ಮಾತ್ರೆ ತಗೊಳ್ಳುತ್ತಾನೆ, ಕೌನ್ಸೆಲಿಂಗ್‌ಗೂ ಹೋಗುತ್ತಾನೆ. ಅಲ್ಲಿ ಹೇಳಿಕೊಟ್ಟ ಹಾಗೆ ಮೊದಲು ದೂರ ನಿಂತು ಲಾರಿ ನೋಡಿದ. ಆಮೇಲೆ ಸ್ವಲ್ಪ ಹತ್ತಿರ. ಹೋದ ವಾರ ನಿಂತಿದ್ದ ಲಾರಿಯ ಬಾಗಿಲ ಮೇಲೆ ಕೈಯಿಟ್ಟು ಬಂದ. ಹತ್ತಲಿಲ್ಲ. ಹತ್ತು ಅಂತ ನಾವೂ ಅನ್ನಲಿಲ್ಲ.