ಹೊಗೆಗೆ ಸ್ವಂತ ಹಟವಿಲ್ಲ

ಹೊಗೆ ಯಾವಾಗಲೂ ಮೇಲಕ್ಕೇ ಹೋಗುತ್ತದೆ ಅನ್ನುವವರು ಜನವರಿಯಲ್ಲಿ ಒಂದು ಬೆಳಗ್ಗೆ ಶಿರಸಿ ಕಡೆಯ ಹಳ್ಳಿಗೆ ಬರಬೇಕು. ಯಾರೋ ಬಚ್ಚಲೊಲೆಗೆ ಹಸಿ ಕಟ್ಟಿಗೆ ತುರುಕಿರುತ್ತಾರೆ. ಹೊಗೆ ಹಂಚಿನ ಸಂದಿಯಿಂದ ಹೊರಬಿದ್ದು, ತೆಂಗಿನ ಮರದ ಅರ್ಧಕ್ಕೆ ಏರಿ, ಅಲ್ಲೇ ನಿಂತುಬಿಡುತ್ತದೆ. ಆಮೇಲೆ ಅಡ್ಡಡ್ಡ ಹರಿದು ಕೆಳಗಿನ ತೋಟದ ಮೇಲೆ ನೀಲಿ ಪಟ್ಟಿಯಾಗಿ ಹರಡಿಕೊಳ್ಳುತ್ತದೆ. ಅಡಿಕೆ ಬೇಯಿಸುವ ದಿನಗಳಲ್ಲಂತೂ ಕೇಳುವುದೇ ಬೇಡ. ಅಂಗಳದಲ್ಲಿ ಚೊಗರಿನ ವಾಸನೆ, ಕಣಿವೆ ತುಂಬ ಹೊಗೆ.

ಪಾಪ, ಹೊಗೆಯ ತಪ್ಪೇನೂ ಇಲ್ಲ. ಬಿಸಿ ಗಾಳಿ ಎತ್ತಿಕೊಂಡು ಹೋದಷ್ಟು ದೂರ ಹೋಗುತ್ತದೆ, ಅಷ್ಟೇ. ಸುತ್ತಲಿನ ಗಾಳಿಗಿಂತ ಹಗುರಾಗಿರುವ ತನಕ ಅದರ ಏರಾಟ. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಮೇಲೆ ಹೋದರೆ ಸುಮಾರು 6.5 ಡಿಗ್ರಿ ತಂಪು. ಕುಮಟಾದಲ್ಲಿ ಬೆವರಿ ಬಸ್ ಹತ್ತಿದವರೂ ದೇವಿಮನೆ ಘಟ್ಟದಲ್ಲಿ ಕಿಟಕಿ ಗಾಜು ಎಳೆಯುತ್ತಾರಲ್ಲ! ಆದರೆ ಮೋಡವಿಲ್ಲದ ಚಳಿ ರಾತ್ರಿಯಲ್ಲಿ ಈ ಲೆಕ್ಕ ತಲೆಕೆಳಗು. ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಗುಡ್ಡದ ತಂಪು ಗಾಳಿ ಭಾರವಾಗಿ ಕೆಳಗೆ ಜಾರುತ್ತದೆ. ಬೆಚ್ಚಗಿನ ಗಾಳಿ ಹಂಡೆಯ ಮುಚ್ಚಳದ ಹಾಗೆ ಮೇಲೆ ಕೂರುತ್ತದೆ. ನಮ್ಮ ತೋಟಗಳಿರುವುದೇ ಕಣಿವೆಯಲ್ಲಿ ಅಲ್ವಾ, ಹೊಗೆ ಇನ್ನೆಲ್ಲಿಗೆ ಹೋದೀತು?

ದೋಸೆ ತಿಂದು ಕೈ ತೊಳೆದು, ಬಿಸಿಲು ಚುರುಕಾಗುವ ಹೊತ್ತಿಗೆ ನೆಲ ಕಾದು ಗಾಳಿ ಅಡಿಯಿಂದ ಕದಡುತ್ತದೆ. ನೀಲಿ ಪಟ್ಟಿ ಚಿಂದಿಯಾಗಿ ಮಾಯ. ಅದಕ್ಕೇ ಸಂಜೆ ಹೊತ್ತು ದರಕಿಗೆ, ಅಂದರೆ ಉದುರಿದ ಒಣ ಎಲೆಗೆ, ಬೆಂಕಿ ಹಚ್ಚುವವರನ್ನು ಕಂಡರೆ ನನಗೆ ಸಿಟ್ಟು. ಕೊಟ್ಟಿಗೆಗೆ ಹಾಸಿದರೆ ಗೊಬ್ಬರ, ಸುಟ್ಟರೆ ರಾತ್ರಿಯಿಡೀ ಊರವರ ಮೂಗಿಗೆ.

ಬೆಂಕಿ ದೊಡ್ಡದಾದರೆ ಮಾತು ಬೇರೆ. 2019-20ರ ಆಸ್ಟ್ರೇಲಿಯಾದ ಕಾಳ್ಗಿಚ್ಚು ಹೊಗೆಯನ್ನು ಮಳೆಮೋಡಗಳಿಗಿಂತ ಮೇಲಕ್ಕೆ ಎತ್ತಿತ್ತು. ಅಷ್ಟೆತ್ತರದಲ್ಲಿ ತೊಳೆದು ಹಾಕಲು ಮಳೆಯೇ ಇಲ್ಲ. ಅದು ಪೆಸಿಫಿಕ್ ಸಾಗರ ದಾಟಿ ದಕ್ಷಿಣ ಅಮೆರಿಕ ಮುಟ್ಟಿತು.

ಕಾರವಾರದವರು ಈ ವಿಷಯದಲ್ಲಿ ಪುಣ್ಯವಂತರು. ಹಗಲು ನೆಲ ನೀರಿಗಿಂತ ಬೇಗ ಕಾಯುತ್ತದೆ, ಹಾಗಾಗಿ ಗಾಳಿ ಕಡಲಿನಿಂದ ಬೀಸುತ್ತದೆ. ರಾತ್ರಿ ನೆಲವೇ ಮೊದಲು ತಣಿಯುತ್ತದೆ, ಗಾಳಿ ತಿರುಗಿ ಕಡಲಿಗೆ ಹೊರಡುತ್ತದೆ. ಮಳೆಗಾಲ ಒಂದು ಬಿಟ್ಟರೆ ಈ ಪಾಳಿ ತಪ್ಪುವುದು ಕಡಿಮೆ. ದಂಡೆಯಲ್ಲಿ ಮಧ್ಯಾಹ್ನ ಬಂಗಡೆ ಸುಟ್ಟರೆ ವಾಸನೆ ಊರೊಳಗೆ. ಸರಿರಾತ್ರಿ ಸುಟ್ಟರೆ ನೆಂಟರಿಗೆ ಗೊತ್ತೇ ಆಗುವುದಿಲ್ಲ, ದೋಣಿಯವರು ಮಾತ್ರ ಮೂಗರಳಿಸುತ್ತಾರೆ.